ಕೆಸರಿಗಿಳಿದ ಜೀಪು ಹೇಳುವ ಭೌತಶಾಸ್ತ್ರ

ಕಳೆದ ಮಳೆಗಾಲದ ಒಂದು ಶನಿವಾರ. ಮೂರು ದಿನ ಬಿಡದೆ ಹೊಡೆದ ಮಳೆ ಮಧ್ಯಾಹ್ನದ ಹೊತ್ತಿಗೆ ಸ್ವಲ್ಪ ಹೊಳವಾಗಿತ್ತು. ನಮ್ಮೂರ ಹಳ್ಳದ ದಂಡೆಯಲ್ಲಿ ಮೂವರು ನಿಂತಿದ್ದೆವು. ನಾನು, ಹತ್ತು ವರ್ಷದ ಹಿಂದೆ ನನ್ನ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ ಒಬ್ಬ ಹುಡುಗ, ಅವನ ತಂದೆ. ಹಳ್ಳದ ಆಚೆಗೆ ಅವರ ಮನೆ, ಅಡಿಕೆ ತೋಟ. ಈಚೆಗೆ ಹುಡುಗ ಬೆಂಗಳೂರಿನಿಂದ ಓಡಿಸಿಕೊಂಡು ಬಂದ ಹೊಸ ಜೀಪು. ಹೊಸದೆಂದರೆ ಕಂಪನಿಯಿಂದ ಬಂದ ಹಾಗೆ ಇರಲಿಲ್ಲ. ಎತ್ತರ ಏರಿಸಿದ್ದ, ನನ್ನ ಸೊಂಟಕ್ಕೆ ಬರುವಂಥ ಟೈರು ಹಾಕಿಸಿದ್ದ, ಎಂಜಿನ್ನಿಗೆ ಗಾಳಿ ಎಳೆಯುವ ಕೊಳವೆಯನ್ನು ಮುಂಗಾಜಿನ ಪಕ್ಕದಲ್ಲಿ ಚಾವಣಿಯವರೆಗೆ ಏರಿಸಿದ್ದ. ಇದಕ್ಕೆ ಸ್ನಾರ್ಕೆಲ್ ಎನ್ನುತ್ತಾರೆ.

ತಂದೆ ಕಾಲುಸಂಕದ ಮೇಲಿಂದ ದಾಟಿ ಮಗನನ್ನು ಎದುರುಗೊಳ್ಳಲು ಬಂದಿದ್ದರು. ಹಳ್ಳ ಕೆಂಪಗೆ ಹರಿಯುತ್ತಿತ್ತು.

“ಮಾಷ್ಟ್ರೇ, ನೀವಾದರೂ ಹೇಳಿ. ನನ್ನ ಮಾತು ಅವನ ಕಿವಿಗೆ ಬೀಳೋದಿಲ್ಲ” ಎಂದರು.

“ಸಾರ್, ಫೋರ್ ವೀಲ್ ಇದೆ. ಸ್ನಾರ್ಕೆಲ್ ಇದೆ. ಟೈರು ನೋಡಿ ಸಾರ್, ಎಷ್ಟು ಎತ್ತರ! ಎರಡೇ ನಿಮಿಷ” ಎಂದ ಹುಡುಗ.

ನಾನೂ ಹದಿನೆಂಟು ವರ್ಷದಿಂದ ಒಂದು ಹಳೆಯ ಜೀಪಿನ ಸಂಸಾರ ಮಾಡಿಕೊಂಡು ಬಂದವನು. ಹುಡುಗನ ಉತ್ಸಾಹ ನನಗೆ ಅರ್ಥವಾಗದ್ದೇನಲ್ಲ. ಆದರೆ ಅವನು ಕೊಟ್ಟ ಮೂರು ಕಾರಣಗಳಲ್ಲಿ ಒಂದೂ ಆ ಹಳ್ಳಕ್ಕೆ ಉತ್ತರವಾಗಿರಲಿಲ್ಲ. ಏಕೆಂಬುದನ್ನು ವಿವರಿಸಬೇಕಾದರೆ ಜೀಪಿನ ಹೊಟ್ಟೆಯೊಳಕ್ಕೆ ಸ್ವಲ್ಪ ಇಣುಕಬೇಕು.

ಯುದ್ಧದ ಕೂಸು

1940ರಲ್ಲಿ ಅಮೆರಿಕದ ಸೈನ್ಯಕ್ಕೆ ರಸ್ತೆಯಿಲ್ಲದ ಕಡೆಯೂ ಓಡುವ ಹಗುರ ಗಾಡಿಯೊಂದು ತುರ್ತಾಗಿ ಬೇಕಾಯಿತು. 135 ಕಂಪನಿಗಳಿಗೆ ಪತ್ರ ಹೋಯಿತು. ಬ್ಯಾಂಟಮ್ ಎಂಬ ಪುಟ್ಟ ಕಂಪನಿ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರನ ನಕ್ಷೆಯಂತೆ ಮೊದಲ ಗಾಡಿಯನ್ನು ತಯಾರಿಸಿ ಅದೇ ವರ್ಷದ ಸೆಪ್ಟೆಂಬರ್ 23ರಂದು ಸೈನ್ಯಕ್ಕೆ ಒಪ್ಪಿಸಿತು. ಪಾಪ, ದೊಡ್ಡ ಗುತ್ತಿಗೆ ಮಾತ್ರ ದೊಡ್ಡವರಾದ ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳ ಪಾಲಾಯಿತು. ಯುದ್ಧ ಮುಗಿಯುವುದರೊಳಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. 60 ಅಶ್ವಶಕ್ತಿಯ ಆ ಗಾಡಿಯಲ್ಲಿದ್ದ ವ್ಯವಸ್ಥೆಯೇ ಸಣ್ಣಪುಟ್ಟ ಬದಲಾವಣೆಯೊಂದಿಗೆ ಇಂದಿನ ಅನೇಕ ಜೀಪುಗಳಲ್ಲೂ ಉಳಿದಿದೆ.

ನಮ್ಮ ದೇಶಕ್ಕೆ ವಿಲ್ಲೀಸ್ ಜೀಪನ್ನು ತಂದು ಜೋಡಿಸತೊಡಗಿದವರು ಮಹೀಂದ್ರದವರು, 1940ರ ದಶಕದ ಕೊನೆಯಲ್ಲಿ. ನನ್ನ ವಯಸ್ಸಿನವರಿಗೆ ಜೀಪೆಂದರೆ ಬಿ.ಡಿ.ಓ. ಸಾಹೇಬರ ಜೀಪು, ಪೊಲೀಸರ ಜೀಪು, ಚುನಾವಣೆಯ ಜೀಪು. ಇವುಗಳಲ್ಲಿ ಎಷ್ಟೋ ಗಾಡಿಗಳಿಗೆ ಹಿಂದಿನ ಎರಡು ಚಕ್ರಕ್ಕೆ ಮಾತ್ರ ಎಂಜಿನ್ನಿನ ಶಕ್ತಿ ಸಿಗುತ್ತಿತ್ತು. ಆದ್ದರಿಂದ ಹಳೆಯ ಜೀಪು ಕೊಳ್ಳುವವರು ರೂಪ ನೋಡಿ ಮೋಸ ಹೋಗಬಾರದು. ಬಗ್ಗಿ ನೋಡಿ. ಮುಂದಿನ ಅಚ್ಚಿನ ನಡುವೆಯೂ ಹಿಂದಿನದರಂತೆ ಗುಂಡನೆಯ ಗೇರುಗಳ ಗೂಡು ಇದ್ದರೆ ಅದು ಫೋರ್ ವೀಲ್.

ಆ ಗೂಡಿನೊಳಗಿರುವುದೇ ಡಿಫರೆನ್ಷಿಯಲ್. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಉರುಳಬೇಕು. ಎರಡು ಚಕ್ರಗಳ ನಡುವೆ 1.4 ಮೀಟರ್ ಅಂತರವಿದ್ದರೆ, ಅರ್ಧವೃತ್ತ ಸುತ್ತುವಷ್ಟರಲ್ಲಿ ಹೊರಗಿನ ಚಕ್ರ ಸುಮಾರು 4.4 ಮೀಟರ್ ಹೆಚ್ಚು ಉರುಳಿರುತ್ತದೆ. (1.4ನ್ನು ಪೈಯಿಂದ ಗುಣಿಸಿ ನೋಡಿ. ತಿರುವು ದೊಡ್ಡದಿರಲಿ ಚಿಕ್ಕದಿರಲಿ, ಉತ್ತರ ಅದೇ. ಏಕೆಂದು ಯೋಚಿಸುವುದು ನಿಮಗೆ ಬಿಟ್ಟದ್ದು.) ಚಕ್ರಗಳಿಗೆ ಈ ಸ್ವಾತಂತ್ರ್ಯ ಕೊಡುವುದೇ ಡಿಫರೆನ್ಷಿಯಲ್ಲಿನ ಕೆಲಸ. ಆದರೆ ಅದರದೊಂದು ಹಠವಿದೆ. ಎರಡು ಚಕ್ರಕ್ಕೂ ಅದು ಸಮವಾದ ತಿರುಗುಬಲವನ್ನೇ ಹಂಚುತ್ತದೆ. ಒಂದು ಚಕ್ರ ಕೆಸರಲ್ಲಿ ಜಾರಿ ಗಿರಗಿರನೆ ತಿರುಗುತ್ತಿದ್ದರೆ ಅದನ್ನು ತಿರುಗಿಸಲು ಬೇಕಾದ ಬಲ ಅತ್ಯಲ್ಪ. ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರಕ್ಕೂ ಆ ಅತ್ಯಲ್ಪವೇ ಗತಿ. ಬಸ್ಸು ಕೆಸರಲ್ಲಿ ಹೂತಾಗ ಒಂದೇ ಚಕ್ರ ತಿರುಗುತ್ತ ಇನ್ನೊಂದು ಸುಮ್ಮನೆ ನಿಂತಿರುವುದನ್ನು ನೀವು ನೋಡಿರಬಹುದು.

ಫೋರ್ ವೀಲ್ ಹಾಕಿದಾಗ ಮುಂದಿನ ಅಚ್ಚಿಗೂ ಶಕ್ತಿ ಹರಿಯುತ್ತದೆ. ಆದರೂ ಮುಂದೊಂದು, ಹಿಂದೊಂದು ಚಕ್ರ ಒಟ್ಟಿಗೆ ಜಾರಿದರೆ ನಾಲ್ಕು ಚಕ್ರದ ಜೀಪೂ ನಿಂತುಬಿಡುತ್ತದೆ! ಎರಡು ಚಕ್ರಗಳನ್ನು ಬಿಗಿದು ಕೂಡಿಸುವ ಲಾಕರ್ ಎಂಬ ಸಾಧನ ಬಂದಿರುವುದು ಇದಕ್ಕಾಗಿಯೇ. ಜೀಪುಗಳಲ್ಲಿ ಸಾಮಾನ್ಯವಾಗಿರುವ ವ್ಯವಸ್ಥೆಯಲ್ಲಿ ಮುಂದಿನ ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ಹಾಗಾಗಿ ಒಣ ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುವು ತೆಗೆದರೆ ಗೇರುಗಳು ಒಂದನ್ನೊಂದು ತಿರುಚುತ್ತ ಬಿಗಿದುಕೊಳ್ಳುತ್ತವೆ. ಸ್ಟಿಯರಿಂಗ್ ಕಲ್ಲಾಗುತ್ತದೆ, ಟೈರು ಸವೆಯುತ್ತದೆ. ಜಾರುವ ನೆಲದಲ್ಲಿ ಮಾತ್ರ ಬಳಸಿ ಎನ್ನುವುದು ಇದೇ ಕಾರಣಕ್ಕೆ.

ಲೋ ಗೇರ್ ಎಂಬುದು ಇನ್ನೊಂದು ವರ. ಗೇರಿನ ಕಡ್ಡಿಯ ಪಕ್ಕದ ಗಿಡ್ಡ ಕಡ್ಡಿ ಎಳೆದರೆ ವೇಗ ಸುಮಾರು ಎರಡರಿಂದ ಎರಡೂವರೆ ಪಟ್ಟು ತಗ್ಗಿ, ಎಳೆಯುವ ಬಲ ಅಷ್ಟೇ ಪಟ್ಟು ಹೆಚ್ಚುತ್ತದೆ. ಶಾಲೆಯಲ್ಲಿ ಓದುವ ಸನ್ನೆಕೋಲಿನ ತತ್ತ್ವವೇ ಇದು. ಕೊಲ್ಲೂರು, ನಿಟ್ಟೂರಿನ ಕಡೆಯಿಂದ ಕೊಡಚಾದ್ರಿಗೆ ಜನರನ್ನು ಹೊತ್ತೊಯ್ಯುವ ಜೀಪಿನ ಚಾಲಕರನ್ನು ಗಮನಿಸಿದ್ದೀರಾ? ಕಲ್ಲುಗಳ ಮೇಲೆ ನಡಿಗೆಯ ವೇಗದಲ್ಲಿ, ಎಂಜಿನ್ನನ್ನು ಅರಚಿಸದೆ, ಆಮೆಯಂತೆ ಹತ್ತಿಸುತ್ತಾರೆ. ಧೂಳೆಬ್ಬಿಸುವವರು ಹೊರಗಿನಿಂದ ಬಂದ ನಮ್ಮಂಥವರೇ.

ಹತ್ತುವುದು ಬೇರೆ, ನಿಲ್ಲುವುದು ಬೇರೆ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಕ್ಕಳಿಗೆ ಜೀಪಿನ ಕೀಲಿಕೈ ಕೊಡುವ ತಂದೆತಾಯಿಗಳು ದಯವಿಟ್ಟು ಈ ಲೆಕ್ಕವನ್ನೊಮ್ಮೆ ನೋಡಬೇಕು.

ಒದ್ದೆ ಜೇಡಿಮಣ್ಣಿನ ರಸ್ತೆಯಲ್ಲಿ ಘರ್ಷಣಾಂಕ 0.3 ಎಂದಿಟ್ಟುಕೊಳ್ಳೋಣ. ಹಿಂದಿನ ಚಕ್ರ ಮಾತ್ರ ಎಳೆಯುವ ಗಾಡಿಯಲ್ಲಿ ಆ ಚಕ್ರಗಳ ಮೇಲಿರುವುದು ಸುಮಾರು ಅರ್ಧ ಭಾರ. ಸಿಗುವ ಎಳೆತ ಗಾಡಿಯ ಭಾರದ ನೂರಕ್ಕೆ 15 ಪಾಲು. ಅಂದರೆ ನೂರು ಮೀಟರಿಗೆ 15 ಮೀಟರ್ ಏರುವ ದಾರಿಯಲ್ಲಿ ಅದು ಕೈಚೆಲ್ಲುತ್ತದೆ. ನಾಲ್ಕೂ ಚಕ್ರ ಎಳೆದರೆ ಪೂರ್ತಿ ಭಾರ ಕೆಲಸಕ್ಕೆ ಬರುತ್ತದೆ. ನೂರಕ್ಕೆ 30 ಮೀಟರ್ ಏರು ಸಾಧ್ಯ. ಭೇಷ್!

ಇನ್ನು ಬ್ರೇಕು. ಎರಡು ಚಕ್ರ ಎಳೆಯುವ ಗಾಡಿಯಾಗಲಿ, ನಾಲ್ಕು ಚಕ್ರ ಎಳೆಯುವ ಗಾಡಿಯಾಗಲಿ, ಬ್ರೇಕು ಇರುವುದು ನಾಲ್ಕಕ್ಕೂ. ನಿಲ್ಲಿಸುವ ಬಲ ಎರಡಕ್ಕೂ ಒಂದೇ, ಭಾರದ ನೂರಕ್ಕೆ 30 ಪಾಲು. ಸಮತಟ್ಟು ನೆಲದಲ್ಲಿ ಗಂಟೆಗೆ 40 ಕಿ.ಮೀ. ವೇಗದಿಂದ ನಿಲ್ಲಲು ಈ ಮಣ್ಣಿನಲ್ಲಿ 21 ಮೀಟರ್ ಬೇಕು. ಒಣ ಡಾಂಬರಿನಲ್ಲಿ 9 ಮೀಟರ್ ಸಾಕು. ಫೋರ್ ವೀಲ್ ಹಾಕಿದ ಮಾತ್ರಕ್ಕೆ ಈ 21ರಲ್ಲಿ ಒಂದು ಮೀಟರೂ ಕಡಿಮೆಯಾಗುವುದಿಲ್ಲ. ನೂರಕ್ಕೆ 30ರ ಆ ಏರನ್ನೇ ಈಗ ಇಳಿಯಿರಿ. ಕೆಳಕ್ಕೆ ಎಳೆಯುವ ಬಲವೂ ತಡೆಯುವ ಬಲವೂ ಸರಿಸಮ. ಒಮ್ಮೆ ವೇಗ ಹಿಡಿದ ಜೀಪು ಆ ಇಳಿಜಾರಿನಲ್ಲಿ ನಿಲ್ಲುವುದೇ ಇಲ್ಲ!

ಸಾಧಾರಣ ಗಾಡಿ ಅರ್ಧ ಏರಿನಲ್ಲೇ ಮುನಿಸಿಕೊಂಡು ನಮ್ಮನ್ನು ಮನೆಗೆ ಕಳಿಸುತ್ತದೆ. ಫೋರ್ ವೀಲ್ ಜೀಪು ಅಂಥ ಎಚ್ಚರಿಕೆ ಕೊಡದೆ, ಹಿಂದಕ್ಕೆ ಇಳಿಯಲಾಗದ ಜಾಗದವರೆಗೂ ಹತ್ತಿಸಿಬಿಡುತ್ತದೆ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಜೀಪು ಕೊಂಡ ಎರಡನೆಯ ಮಳೆಗಾಲದಲ್ಲಿ ನಮ್ಮ ಮನೆಯ ಮೇಲಿನ ಏರನ್ನು ಇಳಿಯುತ್ತಿದ್ದೆ. ಫೋರ್ ವೀಲ್ ಹಾಕಿದೆ ಎಂಬ ಧೈರ್ಯ, ಎರಡನೆಯ ಗೇರು. ತಿರುವಿನಲ್ಲಿ ಎದುರಿಗೊಂದು ಎಮ್ಮೆ. ಬ್ರೇಕು ಒತ್ತಿದೆ. ನಾಲ್ಕೂ ಚಕ್ರ ಒಟ್ಟಿಗೆ ನಿಂತವು, ಜೀಪು ಮಾತ್ರ ನಿಲ್ಲಲಿಲ್ಲ. ತಿರುಗದ ಚಕ್ರಕ್ಕೆ ದಿಕ್ಕು ಬದಲಿಸುವ ಶಕ್ತಿಯೂ ಇರುವುದಿಲ್ಲವಾದ್ದರಿಂದ ಸ್ಟಿಯರಿಂಗ್ ಹಿಡಿದದ್ದೂ ಒಂದೇ, ಬಿಟ್ಟದ್ದೂ ಒಂದೇ. ಪುಣ್ಯಕ್ಕೆ ಎಡಗಡೆಗೆ ಜಾರಿ ಧರೆಗೆ ಗುದ್ದಿ ನಿಂತಿತು. ಬಲಗಡೆ ಇದ್ದದ್ದು ಮೂವತ್ತು ಅಡಿ ಆಳದ ತೋಟ. ಮಡ್‌ಗಾರ್ಡ್ ನೆಗ್ಗಿತು, ನನ್ನ ಮಂಡಿಯ ಚಿಪ್ಪಿಗೆ ಪೆಟ್ಟಾಯಿತು. ಎಮ್ಮೆ ನಿಧಾನವಾಗಿ ಹೋಯಿತು. ಮರುದಿನ ಶಾಲೆಯಲ್ಲಿ ಕುಂಟುತ್ತ ಘರ್ಷಣೆಯ ಪಾಠ ಮಾಡಿದೆ. ಲೋ ಗೇರಿನಲ್ಲಿ, ಮೊದಲನೆಯ ಗೇರಿನಲ್ಲಿ, ಕ್ಲಚ್ಚು ಮುಟ್ಟದೆ, ಎಂಜಿನ್ನಿನ ತಡೆಯಿಂದಲೇ ಇಳಿಯಬೇಕೆಂಬುದನ್ನು ಆಮೇಲೆ ಮರೆತಿಲ್ಲ. ಹಾಗೆ ಇಳಿದರೆ ವೇಗ ಹುಟ್ಟುವುದೇ ಇಲ್ಲ.

ಏರಿಸಿದರೆ ಏನಾಗುತ್ತದೆ?

ಹುಡುಗನ ಜೀಪಿನ ಅಲಂಕಾರಗಳತ್ತ ಬರೋಣ. ಖಾಲಿ ಬೆಂಕಿಪೊಟ್ಟಣವನ್ನು ಒಂದು ಹಲಗೆಯ ಮೇಲೆ ಮಲಗಿಸಿ ಹಲಗೆಯನ್ನು ಓರೆ ಮಾಡಿ. ಆಮೇಲೆ ಪೊಟ್ಟಣವನ್ನು ನಿಲ್ಲಿಸಿ ಓರೆ ಮಾಡಿ. ಯಾವುದು ಬೇಗ ಉರುಳಿತು? ಜೀಪಿನ ಲೆಕ್ಕವೂ ಇಷ್ಟೇ. ಚಕ್ರಗಳ ಅಂತರ 1.4 ಮೀಟರ್, ಗುರುತ್ವ ಕೇಂದ್ರ ನೆಲದಿಂದ 70 ಸೆಂ.ಮೀ. ಎತ್ತರದಲ್ಲಿದ್ದರೆ ಲೆಕ್ಕದ ಪ್ರಕಾರ 45 ಡಿಗ್ರಿ ವಾಲುವವರೆಗೆ ಗಾಡಿ ಮಗುಚುವುದಿಲ್ಲ. ಕೇಂದ್ರವನ್ನು 10 ಸೆಂ.ಮೀ. ಏರಿಸಿದರೆ ಅದು 41ಕ್ಕೆ ಇಳಿಯುತ್ತದೆ. ನಿಜವಾದ ಗಾಡಿ ಸ್ಪ್ರಿಂಗುಗಳ ಮೇಲೆ ವಾಲಾಡುವುದರಿಂದ ಇದಕ್ಕೂ ಮೊದಲೇ ಮಗುಚುತ್ತದೆ. ಚಾವಣಿಯ ಮೇಲೆ ಕ್ಯಾರಿಯರು, ಅದರ ಮೇಲೆ ಸ್ಟೆಪ್ನಿ, ಡೀಸೆಲ್ ಕ್ಯಾನು ಹೇರಿದರಂತೂ ಕೇಳುವುದೇ ಬೇಡ. ಹೆದ್ದಾರಿಯಲ್ಲಿ ನಾಯಿಯೊಂದು ಅಡ್ಡ ಬಂದು ಸ್ಟಿಯರಿಂಗ್ ಸರಕ್ಕನೆ ಎಳೆದಾಗ ಈ ನಾಲ್ಕು ಡಿಗ್ರಿಯ ಬೆಲೆ ತಿಳಿಯುತ್ತದೆ.

ದೊಡ್ಡ ಟೈರಿನಿಂದ ಹೊಟ್ಟೆ ಕಲ್ಲಿಗೆ ತಾಗದು, ನಿಜ. ಆದರೆ ಚಕ್ರದ ತ್ರಿಜ್ಯ ನೂರಕ್ಕೆ 10 ಹೆಚ್ಚಿದರೆ ನೆಲದ ಮೇಲಿನ ಎಳೆತ ಸುಮಾರು ಅಷ್ಟೇ ಪಾಲು ಕುಗ್ಗುತ್ತದೆ, ಬ್ರೇಕು ಅಷ್ಟೇ ಹೆಚ್ಚು ದುಡಿಯಬೇಕಾಗುತ್ತದೆ. ಮೀಟರು 60 ತೋರಿಸುವಾಗ ನೀವು 66ರಲ್ಲಿ ಓಡುತ್ತಿರುತ್ತೀರಿ. ಎತ್ತರ ಏರಿಸಿದಾಗ ಶಾಫ್ಟಿನ ಕೋನ ಕಡಿದಾಗಿ ಅದರ ಕ್ರಾಸುಗಳು ಬೇಗ ಸವೆಯುತ್ತವೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಸೆಕ್ಷನ್ನಿನಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ ಮೂಲ ವಿವರಗಳಿಗಿಂತ ಬೇರೆಯಾಗುವ ಹಾಗೆ ಮಾಲೀಕ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯ ಪ್ರಕಾರ ಅನುಮತಿಯಿಲ್ಲದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸಜೆ, ಅಥವಾ ಎರಡೂ. ಹದಿನೆಂಟು ತುಂಬದ ಮಕ್ಕಳು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರಿಗೋ ಮಾಲೀಕರಿಗೋ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. “ತೋಟದೊಳಗೆ ತಾನೇ, ಓಡಿಸಲಿ ಬಿಡಿ” ಎನ್ನುವ ಅಪ್ಪಂದಿರು ನಮ್ಮ ಕಡೆ ಬಹಳ. ಜೀಪು ತೋಟದ ಗೇಟು ದಾಟಿ ರಸ್ತೆಗೆ ಬರಲು ಎಷ್ಟು ಹೊತ್ತು ಬೇಕು?

ಹಳೆಯ ಜೀಪು ಕೊಳ್ಳುವವರು ಚಾಸಿಸ್ ಮತ್ತು ಎಂಜಿನ್ ನಂಬರುಗಳನ್ನು ಆರ್.ಸಿ. ಪುಸ್ತಕದೊಂದಿಗೆ ತಾಳೆ ನೋಡಲೇಬೇಕು. ಎಂಜಿನ್ ಬದಲಿಸಿ ದಾಖಲೆ ಬದಲಿಸದ ಜೀಪುಗಳಿಗೆ ಲೆಕ್ಕವಿಲ್ಲ. ಹದಿನೈದು ವರ್ಷ ದಾಟಿದ್ದಕ್ಕೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ನನ್ನ ಗಾಡಿಯ ಈ ತಿರುಗಾಟದ ಕಥೆ ಹೇಳಿದರೆ ಇನ್ನೊಂದು ಲೇಖನವಾದೀತು.

ಹಾಗಾದರೆ ಏನೂ ಮಾಡಿಸಬಾರದೇ? ಕಂಪನಿ ಹೇಳಿದ ಅಳತೆಯಲ್ಲೇ ಒಳ್ಳೆಯ ಹಲ್ಲಿನ ಟೈರು ಹಾಕಿಸಿ. ಚಾಸಿಸ್ಸಿಗೆ ಭದ್ರವಾಗಿ ಕೂತ ಕೊಕ್ಕೆ, ಬಲವಾದ ಹಗ್ಗ, ಗುದ್ದಲಿ, ಗಾಳಿಯ ಮೀಟರು, ಪಂಪು ಇಟ್ಟುಕೊಳ್ಳಿ. ಹೂತ ಗಾಡಿಯನ್ನು ಎಳೆಯುವಾಗ ಹಗ್ಗದ ಉದ್ದಕ್ಕಿಂತ ದೂರದಲ್ಲಿ ಜನರನ್ನು ನಿಲ್ಲಿಸಿ. ಬಿಗಿದ ಹಗ್ಗವೆಂದರೆ ಎಳೆದ ಕವಣೆ, ಕೊಕ್ಕೆ ಕಿತ್ತರೆ ಅದು ಕಲ್ಲಿನಂತೆ ಹಾರುತ್ತದೆ.

ಕಾಸು ಖರ್ಚಿಲ್ಲದ ಉಪಾಯವೊಂದಿದೆ, ಟೈರಿನ ಗಾಳಿ ಇಳಿಸುವುದು. 1,400 ಕಿಲೋ ಜೀಪಿನ ಒಂದೊಂದು ಚಕ್ರದ ಮೇಲೆ 350 ಕಿಲೋ. ಗಾಳಿ 28 ಪೌಂಡು, ಅಂದರೆ ಚದರ ಸೆಂಟಿಮೀಟರಿಗೆ ಸುಮಾರು 2 ಕಿಲೋ ಇದ್ದರೆ ನೆಲಕ್ಕೆ ತಾಗುವ ಜಾಗ 175 ಚದರ ಸೆಂ.ಮೀ., ಒಂದು ಪೋಸ್ಟ್ ಕಾರ್ಡಿಗಿಂತ ತುಸು ದೊಡ್ಡದು. ಗಾಳಿಯನ್ನು ಅರ್ಧಕ್ಕಿಳಿಸಿದರೆ ಆ ಜಾಗ ಹೆಚ್ಚುಕಡಿಮೆ ಎರಡರಷ್ಟು. “ಘರ್ಷಣೆ ಸ್ಪರ್ಶದ ವಿಸ್ತೀರ್ಣವನ್ನು ಅವಲಂಬಿಸಿಲ್ಲ ಎಂದು ನೀವೇ ಕಲಿಸಿದ್ದೀರಲ್ಲ ಸಾರ್” ಎಂದು ಜಾಣ ವಿದ್ಯಾರ್ಥಿ ಕೇಳಿಯಾನು. ಗಟ್ಟಿ ನೆಲಕ್ಕೆ ಆ ಮಾತು ಬಹುಮಟ್ಟಿಗೆ ಸರಿ. ಮರಳಿನಲ್ಲಿ, ಕೆಸರಿನಲ್ಲಿ ನೆಲವೇ ಕುಸಿಯುತ್ತದೆ. ಅಲ್ಲಿ ಹೂಳದಿರುವುದೇ ಮೊದಲ ಕೆಲಸ. ಒಂಟೆಯ ಪಾದ ಅಗಲವಾಗಿರುವುದೂ ಇದಕ್ಕೇ. ಆದರೆ ಡಾಂಬರಿಗೆ ಬಂದ ಕೂಡಲೇ ಮತ್ತೆ ಗಾಳಿ ತುಂಬಬೇಕು. ಇಲ್ಲವಾದರೆ ಟೈರು ಕಾದು ಸಿಡಿಯಬಹುದು.

ಹಳ್ಳದ ದಂಡೆಯಲ್ಲಿ

ಮತ್ತೆ ಹಳ್ಳಕ್ಕೆ ಬರೋಣ. ನಾನು ಒಂದು ಕಡ್ಡಿಯಿಂದ ಒದ್ದೆ ಮಣ್ಣಿನ ಮೇಲೆ ಲೆಕ್ಕ ಬರೆದೆ. ಜೀಪಿನ ತಳ ಸುಮಾರು 3 ಮೀಟರ್ ಉದ್ದ, 1.4 ಮೀಟರ್ ಅಗಲ, ಅಂದರೆ 4.2 ಚದರ ಮೀಟರ್. ಬಾಗಿಲು ಬಿಗಿಯಾಗಿರುವ ಹೊಸ ಗಾಡಿಯೊಳಕ್ಕೆ ನೀರು ತಕ್ಷಣ ನುಗ್ಗುವುದಿಲ್ಲ. ತಳದಿಂದ ಮೇಲೆ ಏರುವ ಒಂದೊಂದು 10 ಸೆಂ.ಮೀ. ನೀರೂ 420 ಕಿಲೋದಷ್ಟು ಮೇಲಕ್ಕೆತ್ತುತ್ತದೆ. 30 ಸೆಂ.ಮೀ. ಏರಿದರೆ 1,260 ಕಿಲೋ! ಜನ ಸೇರಿ 1,500 ಕಿಲೋ ತೂಗುವ ಜೀಪು ಆಗ ನೆಲವನ್ನು ಒತ್ತುವುದು 240 ಕಿಲೋದಷ್ಟು ಮಾತ್ರ. ನಾಲ್ಕು ಚಕ್ರವಿದ್ದರೇನು, ನಲವತ್ತಿದ್ದರೇನು?

ಇನ್ನು ಹರಿವು. ಜೋರು ನಡಿಗೆಗಿಂತ ತುಸು ಹೆಚ್ಚು, ಸೆಕೆಂಡಿಗೆ 2 ಮೀಟರ್ ವೇಗದ ನೀರು ಜೀಪಿನ ಪಕ್ಕದ 2 ಚದರ ಮೀಟರಿಗೆ ಬಡಿದರೆ ತಳ್ಳುವ ಬಲ ಸುಮಾರು 400 ಕಿಲೋ ಭಾರಕ್ಕೆ ಸಮ. ನೀರಿನ ವೇಗ ಇಮ್ಮಡಿಯಾದರೆ ಈ ಬಲ ನಾಲ್ಕು ಪಟ್ಟು. ಅತ್ತ 240 ಕಿಲೋ ಒತ್ತಡದಿಂದ ಹುಟ್ಟುವ ಘರ್ಷಣೆ, ಇತ್ತ 400 ಕಿಲೋ ತಳ್ಳಾಟ.

“ಸ್ನಾರ್ಕೆಲ್ ಇದೆಯಲ್ಲ ಸಾರ್?”

ಅದು ಉಪಯೋಗವಿಲ್ಲದ ವಸ್ತುವೇನಲ್ಲ. ಡೀಸೆಲ್ ಎಂಜಿನ್ ಗಾಳಿಯನ್ನು ಹದಿನೈದು ಇಪ್ಪತ್ತರಲ್ಲಿ ಒಂದು ಪಾಲಿಗೆ ಅಮುಕುತ್ತದೆ. ಸಿಲಿಂಡರಿಗೆ ನೀರು ನುಗ್ಗಿದರೆ ಅದು ಅಮುಕಿಸಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡೇ ಬಾಗುತ್ತದೆ. ಸ್ನಾರ್ಕೆಲ್ ಅದನ್ನು ತಪ್ಪಿಸುತ್ತದೆ. ಆದರೆ ಮೂಗು ಮೇಲಿದ್ದರೆ ಉಸಿರಾಡಬಹುದು, ಕಾಲು ನೆಲಕ್ಕೆ ತಾಗಬೇಡವೇ? ಓಡಿ ಬಿಸಿಯಾದ ಅಚ್ಚನ್ನು ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ, ಗೇರಿನ ಎಣ್ಣೆ ಹಾಲು ಬೆರೆಸಿದ ಚಹಾದಂತಾಗುತ್ತದೆ. ಇದೂ ಸ್ನಾರ್ಕೆಲ್ಲಿಗೆ ಸಂಬಂಧಪಡದ ಸಂಗತಿ.

ಹುಡುಗ ಬಹಳ ಹೊತ್ತು ಆ ಅಂಕಿಗಳನ್ನು ನೋಡಿದ. ಅವನಿಗೆ ಪೂರ್ತಿ ಒಪ್ಪಿಗೆಯಾಯಿತೆಂದು ನನಗೆ ಅನ್ನಿಸಲಿಲ್ಲ. ನೀರಿನಂಚಿಗೆ ಒಂದು ಬಿದಿರು ಗಳ ನೆಟ್ಟು ಕತ್ತಿಯಿಂದ ಗುರುತು ಹಾಕಿದೆ. ಸಂಜೆ ಐದೂವರೆಗೆ ನೀರು ಗುರುತಿನಿಂದ ಒಂದು ಗೇಣು ಇಳಿದಿತ್ತು, ಸಾಲದು. ಜೀಪನ್ನು ನಮ್ಮ ಅಂಗಳದಲ್ಲಿ ನಿಲ್ಲಿಸಿ ಅಪ್ಪ ಮಗ ಚೀಲ ಹೊತ್ತುಕೊಂಡು ಕಾಲುಸಂಕದ ಮೇಲೆ ದಾಟಿಹೋದರು.

ರಾತ್ರಿ ಮಳೆ ಬರಲಿಲ್ಲ. ಬೆಳಿಗ್ಗೆ ಹಳ್ಳ ಮೊಣಕಾಲಿನ ಕೆಳಕ್ಕಿಳಿದು ತಿಳಿಯಾಗಿತ್ತು. ಹುಡುಗ ತಾನೇ ಕೋಲು ಹಿಡಿದು ಮೊದಲು ನಡೆದು ದಾಟಿದ. ನಡುವೆ ನಿಂತು ನನ್ನನ್ನು ಕರೆದ. ಹಿಂದಿನ ದಿನ ಅವನು ಜೀಪು ಇಳಿಸಬೇಕೆಂದಿದ್ದ ಜಾಡಿನಲ್ಲಿ, ಕೆಂಪು ನೀರಿನಡಿ ಮುಚ್ಚಿಹೋಗಿದ್ದ ಜಾಗದಲ್ಲಿ, ಮಲಗಿದ ಕರುವಿನಷ್ಟು ದೊಡ್ಡದೊಂದು ಬಂಡೆ ಉರುಳಿ ಬಂದು ಕೂತಿತ್ತು. ನಾವು ಬೇರೆ ಜಾಡು ಹುಡುಕಿದೆವು. ಟೈರಿನ ಗಾಳಿ ಅರ್ಧಕ್ಕಿಳಿಸಿ, ಲೋ ಗೇರಿನಲ್ಲಿ, ನಡಿಗೆಯ ವೇಗದಲ್ಲಿ ಜೀಪು ದಾಟಿತು. ಆಚೆ ದಡದಲ್ಲಿ ಒದ್ದೆ ಬ್ರೇಕನ್ನು ಎರಡು ಮೂರು ಸಲ ಮೆಲ್ಲಗೆ ಒತ್ತಿ ಒಣಗಿಸಿಕೊಂಡೆವು.

ಆಮೇಲೆ ಗಾಳಿ ತುಂಬುವ ಕೆಲಸ. ಇದ್ದದ್ದು ನನ್ನ ಜೀಪಿನ ಹಳೆಯ ಕಾಲುಪಂಪು ಒಂದೇ. ಆ ಗಾತ್ರದ ನಾಲ್ಕು ಟೈರು! ಎರಡನೆಯದಕ್ಕೆ ಹುಡುಗ ಸುಸ್ತಾದ, ಮೂರನೆಯದಕ್ಕೆ ತಂದೆ ಪಂಚೆ ಎತ್ತಿಕಟ್ಟಿ ಪಂಪು ತುಳಿಯತೊಡಗಿದರು. ನಡುವೆ ಏದುಸಿರು ಬಿಡುತ್ತ ಮಗನತ್ತ ತಿರುಗಿ, “ಇಷ್ಟೆಲ್ಲ ಹಾಕ್ಸಿದೀಯಲ್ಲ, ಇದಕ್ಕೊಂದು ಮೋಟಾರು ಹಾಕ್ಸೋದು ತಲೆಗೆ ಹೊಳೀಲಿಲ್ವೇನೋ?” ಎಂದರು.